ಹೃದಯ ಶಸ್ತ್ರಚಿಕಿತ್ಸೆ ಬಳಿಕ ಸೋಂಕು: ಅಪಾಯವನ್ನು ಮೊದಲೇ ಅಳೆಯಬಹುದು, ಆದರೆ ಲಂಡನ್ ಅಳತೆಗೋಲು ನಮಗೆ ಸಾಕೇ?

ಮುಂಬೈ: ನಗರದ ಉತ್ತರ ತುದಿಯ ದಹಿಸರ್‌ನಿಂದ ಪರೇಲ್‌ನ ಕೆಇಎಂ ಆಸ್ಪತ್ರೆಗೆ ಲೋಕಲ್ ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆಯ ಪ್ರಯಾಣ. 1968ರಲ್ಲಿ ಡಾ. ಪಿ.ಕೆ. ಸೇನ್ ದೇಶದ ಮೊದಲ ಹೃದಯ ಕಸಿ ನಡೆಸಿದ್ದು ಇದೇ ಆಸ್ಪತ್ರೆಯಲ್ಲಿ. ಬೈಪಾಸ್ ಈಗ ಅಪರೂಪದ ಚಿಕಿತ್ಸೆಯಲ್ಲ. ಆದರೆ ಮನೆಗೆ ಮರಳಿದ ಎರಡು ಮೂರು ವಾರಗಳಲ್ಲಿ ಎದೆಯ ಗಾಯದಿಂದ ಕೀವು ಬರತೊಡಗಿದರೆ ಈ ದೂರವೇ ರೋಗಿಗೆ ದೊಡ್ಡ ಅಡ್ಡಿ.

ಎದೆಮೂಳೆ ಸೀಳಿ ನಡೆಸುವ ಶಸ್ತ್ರಚಿಕಿತ್ಸೆಯ ನಂತರ ಆಳವಾದ ಸೋಂಕು ತಗಲುವುದು ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಂದ ಮೂವರಿಗೆ. ತಗಲಿದರೆ ಮತ್ತೆ ಆಪರೇಷನ್, ವಾರಗಟ್ಟಲೆ ಆಂಟಿಬಯೋಟಿಕ್, ಕೈಮೀರಿದ ಖರ್ಚು, ಪ್ರಾಣಕ್ಕೂ ಅಪಾಯ.

ಐದು ಪ್ರಶ್ನೆಗಳ ಲೆಕ್ಕ

ಯಾರಿಗೆ ಅಪಾಯ ಹೆಚ್ಚು ಎಂದು ಮೊದಲೇ ಅಂದಾಜಿಸಲು ಹಲವು ಅಂಕ ಪದ್ಧತಿಗಳಿವೆ. ಲಂಡನ್‌ನಲ್ಲಿ ರೂಪುಗೊಂಡ ಬ್ರಾಂಪ್ಟನ್-ಹೇರ್‌ಫೀಲ್ಡ್ ಪದ್ಧತಿ ಐದೇ ಅಂಶ ನೋಡುತ್ತದೆ: ರೋಗಿ ಮಹಿಳೆಯೇ, ಮಧುಮೇಹ ಇದೆಯೇ, ಬಿಎಂಐ 35 ದಾಟಿದೆಯೇ, ಹೃದಯದ ಪಂಪ್ ಮಾಡುವ ಶಕ್ತಿ ಶೇ 45ಕ್ಕಿಂತ ಕಡಿಮೆಯೇ, ಶಸ್ತ್ರಚಿಕಿತ್ಸೆ ತುರ್ತಿನದೇ.

ತೊಡಕಿರುವುದು ಇಲ್ಲೇ. ಭಾರತೀಯರಲ್ಲಿ ಬಿಎಂಐ 25 ದಾಟಿದರೇ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ. ತೆಳ್ಳಗಿದ್ದು ಹೊಟ್ಟೆ ಬಂದವರು 35ರ ಗಡಿಯಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ಇನ್ನು ಐಸಿಎಂಆರ್ ನೆರವಿನ 2023ರ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಬೈಪಾಸ್‌ಗೆ ಬರುವವರಲ್ಲಿ ಸಕ್ಕರೆ ಕಾಯಿಲೆ ಇಷ್ಟು ಸಾಮಾನ್ಯವಾಗಿರುವಾಗ ‘ಇದೆಯೋ ಇಲ್ಲವೋ’ ಎಂದು ಕೇಳಿದರೆ ಸಾಲದು. ಎಷ್ಟು ಹತೋಟಿಯಲ್ಲಿದೆ ಎಂಬುದು ಮುಖ್ಯ. ಹೊರಗಿನ ಅಂಕಪಟ್ಟಿಯನ್ನು ನಮ್ಮ ರೋಗಿಗಳ ದಾಖಲೆಯೊಂದಿಗೆ ಒರೆಗೆ ಹಚ್ಚಿಯೇ ಬಳಸಬೇಕು.

ಅಂಕ ಬಂದ ಮೇಲೆ?

ಅಪಾಯ ಗೊತ್ತಾದರೆ ಮಾಡಬಹುದಾದ ಕೆಲಸಗಳಿವೆ. ಧೂಮಪಾನ ಬಿಡಿಸುವುದು, ಮೂಗಿನಲ್ಲಿರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾಕ್ಕೆ ಮುಲಾಮು ಹಚ್ಚುವುದು, ಚರ್ಮ ಸೀಳುವ ಮುನ್ನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡುವುದು, ಆಪರೇಷನ್ ನಂತರ ರಕ್ತದ ಸಕ್ಕರೆಯನ್ನು 180ರ ಕೆಳಗಿಡುವುದು. ಇವ್ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ.

ಆದರೆ ಇವೆಲ್ಲ ಆಸ್ಪತ್ರೆಯೊಳಗಿನ ಮಾತು. ಬೈಪಾಸ್ ಗಾಯದ ಆಳದ ಸೋಂಕಿನ ಮೇಲೆ 90 ದಿನ ನಿಗಾ ಇಡಬೇಕೆಂಬುದು ಅಂತರರಾಷ್ಟ್ರೀಯ ಪದ್ಧತಿ. ರೋಗಿ ಡಿಸ್ಚಾರ್ಜ್ ಆಗುವುದು ಒಂದೆರಡು ವಾರದಲ್ಲೇ. ಹೀಗಾಗಿ ಅಪಾಯದ ಅಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೂ ಬರೆಯಬೇಕು. ಹೆಚ್ಚು ಅಂಕದವರಿಗೆ ವಾರಕ್ಕೊಂದು ಫೋನ್ ಕರೆ, ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಗಾಯದ ತಪಾಸಣೆ ಸಿಗಬೇಕು. ಇಲ್ಲದಿದ್ದರೆ ಆ ಅಂಕ ಪರೇಲ್‌ನ ಕಡತದಲ್ಲೇ ಉಳಿಯುತ್ತದೆ, ಜ್ವರ ಬಂದ ರೋಗಿ ದಹಿಸರ್‌ನಲ್ಲಿರುತ್ತಾನೆ.