ಮೇಲಿನ ಸಾಲು ಓದಿರಿ
ನಮ್ಮ ವಳಕಮದಿನ್ನಿ ಕಡೆ ಹತ್ತಿ ಬಿಡಿಸುವವರು ಹೆಂಗಸರು, ಕಳೆ ತೆಗೆಯುವವರು ಹೆಂಗಸರು. ಕೂಲಿ ಲೆಕ್ಕ ಹಾಕುವವನು ಮಾತ್ರ ಗಂಡಸು. ಅನೇಕ ಕ್ರೈಸ್ತ ಸಭೆಗಳಲ್ಲೂ ಇದೇ ರೂಢಿ. ಕಸ ಗುಡಿಸಿ, ಚಾಪೆ ಹಾಸಿ, ಕೀರ್ತನೆ ಎತ್ತಿಕೊಡುವವರು ಅಕ್ಕ-ಅವ್ವಂದಿರು. ಬೋಧಿಸಲು ನಿಲ್ಲುವವನು ಮಾತ್ರ ಗಂಡಸು. ಯಾಕೆಂದು ಕೇಳಿದರೆ ಪೌಲನ ಕಡೆ ಬೆರಳು ತೋರುತ್ತಾರೆ.

ನಾನೂ ಅದೇ ಪೌಲನನ್ನು ಓದಿದ್ದೇನೆ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬುದು 22ನೇ ವಚನ. ಮದುವೆಗಳಲ್ಲಿ ಅದನ್ನು ಕೇಳಿ ಕೇಳಿ ಬಾಯಿಪಾಠವಾಗಿದೆ. ಇಬ್ಬರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆನ್ನುವ 21ನೆಯದು ಎಲ್ಲಿ ಹೋಯಿತು? ತಿಮೊಥೆಯನಿಗೆ ಬರೆದ ಪತ್ರ ಹಿಡಿದು ಹೆಣ್ಣಿನ ಬಾಯಿ ಮುಚ್ಚಿಸುವವರು, ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ದಾಟಿಬಿಡುತ್ತಾರೆ. ಅಲ್ಲಿ ಪೌಲನೇ ಸಭೆಯ ಸೇವಕಳಾದ ಫೊಯಿಬೆಯನ್ನು ಗೌರವದಿಂದ ಬರಮಾಡಿಕೊಳ್ಳಿರೆಂದು ಹೇಳುತ್ತಾನೆ. ಯೇಸು ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು. ಅಂದು ಆಕೆ ಬಾಯಿ ಮುಚ್ಚಿಕೊಂಡಿದ್ದರೆ ಸಭೆ ಎಲ್ಲಿರುತ್ತಿತ್ತು?

2013ರಲ್ಲಿ ದಕ್ಷಿಣ ಭಾರತ ಸಭೆಯು ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ಪರನ್ನಾಗಿ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಯ್ಯನವರೇ, ಮುಂದಿನ ಮದುವೆಯಲ್ಲಿ ದಯವಿಟ್ಟು ಒಂದು ಸಾಲು ಮೇಲಿನಿಂದ ಸುರು ಮಾಡಿರಿ.