ಕೊರೊನಾ ಪರಿಹಾರದ ಪಟ್ಟಿ ಪಂಚಾಯಿತಿ ಗೋಡೆಗೆ ಬರಲಿ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಯವರಿಗೆ,



2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿಯ ಕೊರೊನಾ ಪರಿಹಾರ ಪ್ಯಾಕೇಜಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ನಿಗದಿಯಾಯಿತು. ಮಿತಿ ಒಂದು ಹೆಕ್ಟೇರು. ಗುಡಿ, ಮದುವೆ, ಜಾತ್ರೆ ಎಲ್ಲವೂ ನಿಂತು, ಬಿಡಿಸಿದ ಕೂಲಿಯೂ ಹುಟ್ಟದೆ ಹೂವು ಗಿಡದಲ್ಲೇ ಒಣಗಿದ ಕಾಲ ಅದು. ಅದೇ ತಿಂಗಳು ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000 ರೂಪಾಯಿ, ಮೆಕ್ಕೆಜೋಳದ ಸುಮಾರು 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. 2021ರ ಮೇ 19ರ ಪ್ಯಾಕೇಜಿನಲ್ಲಿ ಹೂವು, ಹಣ್ಣು, ತರಕಾರಿ ಎಲ್ಲಕ್ಕೂ ಹೆಕ್ಟೇರಿಗೆ 10,000 ರೂಪಾಯಿ ಸಿಕ್ಕಿತು.

ವಿಧಾನಸೌಧದಿಂದ ಹೊರಬೀಳುವುದು ಒಟ್ಟು ಮೊತ್ತ. ಊರಿಗೆ ಬೇಕಾದದ್ದು ಹೆಸರು. ಪಹಣಿ, ಬೆಳೆ ಸಮೀಕ್ಷೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಈ ಮೂರೂ ತಾಳೆಯಾದರೆ ಹಣ ನೇರ ಜಮೆಯಾಗುತ್ತದೆ. ಮಧ್ಯವರ್ತಿಯ ಕಾಟ ತಪ್ಪಿದ್ದು ನಿಜ. ಆದರೆ ಈ ವ್ಯವಸ್ಥೆಯ ಕಣ್ಣಿಗೆ ರೈತನೆಂದರೆ ಪಹಣಿಯಲ್ಲಿ ಹೆಸರಿರುವವನು. 1974ರ ಭೂಸುಧಾರಣೆ ಗೇಣಿಯನ್ನೇ ನಿಷೇಧಿಸಿದ್ದರಿಂದ ಇಂದು ಗುತ್ತಿಗೆಗೋ ಕೋರಿಗೋ ಉಳುವವರ ಕರಾರು ಬರೀ ಬಾಯಿಮಾತಿನದು. ಬೀಜ, ಗೊಬ್ಬರ, ನಷ್ಟ ಅವರ ಪಾಲಿಗೆ. ಪರಿಹಾರ ಜಮೀನಿನವರ ಖಾತೆಗೆ. ಉಳುವವನಿಗೇ ಭೂಮಿ ಎಂದ ಕಾಯ್ದೆಯೇ ಇಂದು ಉಳುವವನನ್ನು ದಾಖಲೆಯಿಂದ ಮರೆಮಾಡಿದೆ. ಪೌತಿ ಖಾತೆಯಾಗದೆ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಜಮೀನು, ಅಣ್ಣತಮ್ಮಂದಿರ ಜಂಟಿ ಖಾತೆ ಇವುಗಳ ಪಾಡೂ ಹೆಚ್ಚು ಬೇರೆಯಲ್ಲ.

ಇಂಥ ತಪ್ಪು ಕಂಪ್ಯೂಟರಿಗೆ ತಿಳಿಯದು. ಅಕ್ಕಪಕ್ಕದ ಹೊಲದವರಿಗೆ ಮಾತ್ರ ಗೊತ್ತು. ಫಲಾನುಭವಿಗಳ ಪಟ್ಟಿ ಬಹಿರಂಗವಾಗಬೇಕಾದುದು ಇದಕ್ಕಾಗಿಯೇ. ಕಳ್ಳರನ್ನು ಹಿಡಿಯುವುದು ಆಮೇಲಿನ ಮಾತು.

ಕಾನೂನು ಇದಕ್ಕೆ ಅಡ್ಡಿಯಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಪ್ರಕಾರ ಸಹಾಯಧನ ಯೋಜನೆಗಳ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಪಿಎಂ-ಕಿಸಾನ್ ಊರುವಾರು ಪಟ್ಟಿಯನ್ನು ಜಾಲತಾಣದಲ್ಲಿ ತೋರಿಸಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಗೆ ಆದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ, 'ವೈಯಕ್ತಿಕ ಮಾಹಿತಿ' ಎಂಬ ಒಂದೇ ಮಾತಿನಿಂದ ಅರ್ಜಿ ತಳ್ಳಿಹಾಕುವುದು ಅಧಿಕಾರಿಗಳಿಗೆ ಸಲೀಸಾಗಿದೆ. ಆದರೂ 4ನೇ ಕಲಂ ಹಾಗೇ ಇದೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂಬ 8(2) ಸಹ ಉಳಿದಿದೆ.

ಖಾಸಗಿತನದ ಆತಂಕ ಪೊಳ್ಳೇನಲ್ಲ. ಕೃಷಿ ಸಹಾಯಧನ ಪಡೆದ ವ್ಯಕ್ತಿಗಳ ಹೆಸರನ್ನು ಮೊತ್ತದ ಭೇದವಿಲ್ಲದೆ ಪ್ರಕಟಿಸುವ ನಿಯಮವನ್ನು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2010ರಲ್ಲಿ ರದ್ದು ಮಾಡಿತು. ಆ ಬಳಿಕ ಅಲ್ಲಿ ಸಣ್ಣ ಮೊತ್ತ ಪಡೆದವರ ಹೆಸರು ಮರೆಯಲ್ಲಿಡುವ ಪದ್ಧತಿ ಬಂತು. ಕರ್ನಾಟಕಕ್ಕೆ ಆ ದಾರಿ ಒಗ್ಗದು: ಇಲ್ಲಿ ಮೊತ್ತ ಬಹುಪಾಲು ಸಣ್ಣದೇ, ಬಿಟ್ಟುಹೋದವರೂ ಸಣ್ಣವರೇ.

ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ, ತಿರಸ್ಕೃತ ಅರ್ಜಿಗೆ ಕಾರಣ, ಇಷ್ಟಿದ್ದರೆ ಸಾಕು. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಬೇಡವೇ ಬೇಡ. ಮುಂದಿನ ಪರಿಹಾರಗಳಲ್ಲಿ ಕರಡು ಪಟ್ಟಿ ಹಣ ಜಮೆಯಾಗುವ ಮೊದಲೇ ಗ್ರಾಮಸಭೆಯ ಮುಂದೆ ಬಂದರೆ ಗುತ್ತಿಗೆಗೆ ಉಳುವವರ ಆಕ್ಷೇಪಣೆಗೂ ಜಾಗ ಸಿಗುತ್ತದೆ. 2020, 2021ರ ಪಾವತಿ ದಾಖಲೆಗಳನ್ನು ಊರುವಾರು ವಿಂಗಡಿಸಿ ಪಂಚಾಯಿತಿಗಳಿಗೆ ಕಳಿಸಲು ಕೃಷಿ, ತೋಟಗಾರಿಕೆ ಇಲಾಖೆಗಳಿಗೆ ತಮ್ಮ ಒಂದು ಸುತ್ತೋಲೆ ಸಾಕು.