ಕಾಲುವೆ ಪಂಪು ಎದೆಗೆ ಹೋಯಿತು, ನಮ್ಮೂರಿಗೆ ಬರುವುದು ಯಾವಾಗ?

ಕತ್ತಲಗೆರೆಯಲ್ಲಿ ಪಂಪು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಭದ್ರಾ ಕಾಲುವೆಗೆ ನೀರು ಬಂದರೆ ಗದ್ದೆ, ಬರದಿದ್ದರೆ ಬೋರಿನ ಮೋಟರೇ ಗತಿ. ನಮ್ಮ ಹೃದಯವೂ ಒಂದು ಪಂಪೇ. ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದು ಸೋತರೆ ನಾಲ್ಕು ಹೆಜ್ಜೆಗೆ ಏದುಸಿರು, ಕಾಲು ಬಾವು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಮಾತ್ರೆಯೂ ಸಾಲದ ಹಂತಕ್ಕೆ ಬಂದರೆ ಮುಖ್ಯವಾಗಿ ಎರಡು ದಾರಿ ಉಳಿಯುತ್ತವೆ: ದಾನಿಯ ಹೃದಯದ ಕಸಿ, ಇಲ್ಲವೇ ಸೋತ ಹೃದಯಕ್ಕೆ ಆಸರೆಯಾಗಿ ಒಂದು ಯಂತ್ರದ ಪಂಪು.

ಈ ಪಂಪಿನ ಕಥೆಯಲ್ಲಿ ಒಂದು ಹಳ್ಳಿಯೂ ಇದೆ. 1976ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ವಾಂಪ್ಲರ್ ಈಜಿಪ್ಟಿನ ಹಳ್ಳಿಯೊಂದಕ್ಕೆ ಹೋಗಿದ್ದರು. ಅಲ್ಲಿ ರೈತರು ತಿರುಪಿನಂಥ ಸಾಧನವನ್ನು ಕೈಯಲ್ಲಿ ತಿರುಗಿಸಿ ನೀರೆತ್ತುತ್ತಿದ್ದರು. ಹೀಗೇ ರಕ್ತವನ್ನೂ ಎತ್ತಬಹುದಲ್ಲ ಅಂತ ಅವರಿಗೆ ಹೊಳೆಯಿತು. ಹೃದಯದ ಹಾಗೆ ಮಿಡಿಯದೆ, ಒಂದೇ ಸಮ ತಿರುಗುವ ಅವರ ಪುಟ್ಟ ಪಂಪನ್ನು 1988ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು.

ಇವತ್ತಿನ ಪಂಪು ಅಂಗೈಯಲ್ಲಿ ಹಿಡಿಯುವಷ್ಟೇ ಇದೆ. ಹೃದಯದ ಎಡಭಾಗದ ತಳದಲ್ಲಿ ಕೂತು, ರಕ್ತವನ್ನು ಎಳೆದು ಮಹಾಅಪಧಮನಿಗೆ ತಳ್ಳುತ್ತದೆ. ಹೊಸ ಮಾದರಿಯಲ್ಲಿ ತಿರುಗುವ ಚಕ್ರ ಆಯಸ್ಕಾಂತದ ಬಲದಿಂದ ತೇಲುತ್ತದೆ. ಬೇರಿಂಗ್ ಇಲ್ಲ, ಸವೆಯುವ ಮಾತೂ ಇಲ್ಲ. ಆದರೆ ಹೊಟ್ಟೆಯ ಚರ್ಮದಿಂದ ಒಂದು ವೈರು ಹೊರಗೆ ಬರುತ್ತದೆ. ಬ್ಯಾಟರಿಯನ್ನು ಸದಾ ಮೈಮೇಲೆ ಕಟ್ಟಿಕೊಂಡಿರಬೇಕು, ದಿನವೂ ಚಾರ್ಜ್ ಮಾಡಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ವೈರಿನ ಜಾಗಕ್ಕೆ ಸೋಂಕು ತಗುಲಬಾರದು. ಕಾಲುವೆಗೆ ಇಳಿಯುವಂತಿಲ್ಲ.

ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲೇ ಇಂಥ ಪಂಪು ಹಾಕಿದ್ದಾರೆ. ಆದರೆ ವಿದೇಶದಿಂದ ತರಿಸುವ ಪಂಪಿಗೆ, ಆಪರೇಷನ್ನಿಗೆ ಸೇರಿ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ ಬೇಕು. ನಮ್ಮ ಬಿಪಿಎಲ್ ಕುಟುಂಬದ ಆರೋಗ್ಯ ಕಾರ್ಡಿಗೆ ಸಿಗುವುದು ವರ್ಷಕ್ಕೆ 5 ಲಕ್ಷ.

ಬೆಲೆ ಇಳಿಸುವುದು ಆಗದ ಕೆಲಸವಲ್ಲ. ಹೃದಯದ ಕವಾಟವೂ ಒಂದು ಕಾಲಕ್ಕೆ ವಿದೇಶದಿಂದಲೇ ಬರಬೇಕಿತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಹಲವು ಸಲ ಸೋತರೂ ಬಿಡದೆ ನಮ್ಮದೇ ಕವಾಟ ಮಾಡಿತು; 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಇದೇ ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾದರು. ಈಗ ಐಐಟಿ ಕಾನ್ಪುರ 'ಹೃದ್ಯಂತ್ರ' ಅನ್ನುವ ಹೆಸರಿನಲ್ಲಿ ದೇಶದ್ದೇ ಪಂಪು ಮಾಡಲು ಹೊರಟಿದೆ.

ನಮ್ಮ ಮಾತು ಇಷ್ಟೇ: ಅಗ್ಗವಾದರಷ್ಟೇ ಸಾಲದು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಬ್ಯಾಟರಿ ಗತಿ ಏನು? ವೈರಿನ ಸುತ್ತ ಕೆಂಪಾಗಿದೆ ಅಂತ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೇ ಓಡಬೇಕಾ? ಸೋಲಾರಿನಲ್ಲಿ ಚಾರ್ಜ್ ಆಗಬೇಕು. ಎಚ್ಚರಿಕೆಯ ಮಾತು ಕನ್ನಡದಲ್ಲಿ ಕೇಳಿಸಬೇಕು. ದಾವಣಗೆರೆ, ಚನ್ನಗಿರಿಯ ನರ್ಸುಗಳಿಗೆ ತರಬೇತಿ ಸಿಗಬೇಕು.

ಆಸ್ಪತ್ರೆಯಲ್ಲಿ ಡಾಕ್ಟರೇ ಸಿಗದ ಊರಿನಲ್ಲಿ ಕೋಟಿ ರೂಪಾಯಿ ಪಂಪಿನ ಮಾತೇಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಎದೆನೋವು ಬಂದ ಮೊದಲ ಗಂಟೆಯಲ್ಲೇ ಇಸಿಜಿ ಆಗಿ ಚಿಕಿತ್ಸೆ ಸಿಕ್ಕರೆ ಎಷ್ಟೋ ಹೃದಯಗಳಿಗೆ ಪಂಪೇ ಬೇಕಾಗದು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವುದೇ ಅದಕ್ಕೆ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ದುಬಾರಿ ಇಂಜೆಕ್ಷನ್ ಉಚಿತ. ಅದು ಮೊದಲು ಗಟ್ಟಿಯಾಗಲಿ. ಆದರೆ ದೇಶದ ಪಂಪು ರೂಪುಗೊಳ್ಳುತ್ತಿರುವುದು ಈಗ. ನಮ್ಮ ಕರೆಂಟು, ನಮ್ಮ ಧೂಳು, ನಮ್ಮ ದೂರ ಈಗಲೇ ಅವರ ಲೆಕ್ಕಕ್ಕೆ ಬರದಿದ್ದರೆ ಆಮೇಲೆ ಬರುವುದಿಲ್ಲ. ಹಳ್ಳಿಯ ನೀರಿನ ತಿರುಪು ನೋಡಿ ಹುಟ್ಟಿದ ಯೋಚನೆ ಇದು. ಹಳ್ಳಿಯವರ ಎದೆಗೂ ಅದು ಹೊಂದಬೇಕು.